ಪಾದಚಾರಿ ಗಿಂಪೇಯಿ

ಕುರೊಡಾ ಗಿಂಪೇಯಿಯವರು ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಅಂಗಳಕ್ಕೆ ಬಂದು ತಮ್ಮ ಗಾಡಿಯ ಎಂಜಿನ್ ಬಿಸಿ ಮಾಡುತ್ತಿದ್ದರು. ಆ ಗಾಡಿಗೆ ಎಂಜಿನ್ನೇ ಇರಲಿಲ್ಲ. ಅದು ಮಂಡಿ ಸೋತ ಮುದುಕರು ಕೂತು ಹೋಗುವ, ಬ್ಯಾಟರಿಯಲ್ಲಿ ಓಡುವ ನಾಲ್ಕು ಚಕ್ರದ ಕುರ್ಚಿ. ಕೀಲಿ ತಿರುಗಿಸಿದರೆ ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಅಷ್ಟೇ. ಆದರೂ ಅವರು ಕೀಲಿ ತಿರುಗಿಸಿ, ಮುಂದಿನ ದೀಪವನ್ನೂ ಉರಿಸಿ, ಕೈ ಹಿಂದೆ ಕಟ್ಟಿಕೊಂಡು ಸುತ್ತು ಬರುತ್ತಿದ್ದರು. ನಾಲ್ಕು ಟೈರಿಗೂ ಒಂದೊಂದು ಒದೆ ಕೊಡುತ್ತಿದ್ದರು. ಎರಡು ಕನ್ನಡಿಗಳನ್ನು ಉಸಿರೂದಿ ಒರೆಸುತ್ತಿದ್ದರು. ಹಲ್ಲುಜ್ಜುವಷ್ಟು ಹೊತ್ತು ಈ ಪೂಜೆ ನಡೆಯುತ್ತಿತ್ತು, ಅಷ್ಟೂ ಹೊತ್ತು ಬ್ಯಾಟರಿ ಸುಮ್ಮನೆ ಸವೆಯುತ್ತಿತ್ತು.

ನಮ್ಮ ಕಣಿವೆಯಲ್ಲಿ ಇಂಥ ಗಾಡಿ ಹೊಸದೇನಲ್ಲ. ಮೇಲೆ ಬೆಟ್ಟದ ಮೆಟ್ಟಿಲುಗಳ ತುಂಬ ಕಿತ್ತಳೆ ಗಿಡ, ಕೆಳಗೆ ಸಮುದ್ರ, ನಡುವೆ ಒಂದೇ ರಸ್ತೆ, ಒಂದೇ ರೈಲು ಹಳಿ. ಜೀವಮಾನವೆಲ್ಲ ಕಿತ್ತಳೆ ಬುಟ್ಟಿ ಹೊತ್ತು ಏರಿಳಿದವರ ಮಂಡಿಗಳು ಎಷ್ಟು ದಿನ ಬಂದಾವು? ಮನೆಗೊಂದರಂತೆ ಗಾಡಿ ನಿಂತಿದೆ. ಅಜ್ಜಿಯರು ಮುಂದಿನ ಬುಟ್ಟಿಯಲ್ಲಿ ಮೂಲಂಗಿ ಹಾಕಿಕೊಂಡು, ಹೂವಿನ ದಿಂಬಿನ ಮೇಲೆ ಕೂತು, ಎದುರಿಗೆ ಸಿಕ್ಕವರ ಹತ್ತಿರ ಹರಟೆ ಹೊಡೆಯುತ್ತಾ ಹೋಗುತ್ತಾರೆ. ಅವರಲ್ಲಿ ಯಾರೂ ತಾವು ವಾಹನ ಚಲಾಯಿಸುತ್ತಿದ್ದೇವೆ ಎಂದು ಅಂದುಕೊಂಡಿಲ್ಲ. ಅಂದುಕೊಂಡಿದ್ದವರು ಗಿಂಪೇಯಿಯವರೊಬ್ಬರೇ.

ಅದಕ್ಕೆ ಕಾರಣವೂ ಇತ್ತು. ಊರಿನ ಸಂಚಾರ ಸುರಕ್ಷತಾ ಸಂಘಕ್ಕೆ ಅವರು ಬಹಳ ವರ್ಷ ಅಧ್ಯಕ್ಷರಾಗಿದ್ದವರು. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಸುರಕ್ಷತಾ ಸಪ್ತಾಹ ಬಂದರೆ ಸಾಕು, ತೋಳಿಗೆ ಪಟ್ಟಿ ಕಟ್ಟಿ, ಕೈಯಲ್ಲಿ ಹಳದಿ ಬಾವುಟ, ಬಾಯಲ್ಲಿ ಸೀಟಿ ಹಿಡಿದು ಶಾಲೆಯ ಮುಂದಿನ ಪಟ್ಟೆ ದಾರಿಯಲ್ಲಿ ನಿಲ್ಲುತ್ತಿದ್ದರು. ಕೈ ಎತ್ತದೆ ರಸ್ತೆ ದಾಟಿದ ಮಗುವನ್ನು ವಾಪಸ್ ಕರೆದು ಕೈ ಎತ್ತಿಸಿ ದಾಟಿಸುತ್ತಿದ್ದರು. ಮಕ್ಕಳಿಗೆ ಮಾತ್ರ ಅಲ್ಲ. ಕಿತ್ತಳೆ ತುಂಬಿದ ತಳ್ಳುಗಾಡಿಯನ್ನು ಬಿಳಿ ಗೆರೆಯಿಂದ ಒಂದು ಗೇಣು ಆಚೆಗೆ ತಳ್ಳಿಕೊಂಡು ಬಂದಳೆಂದು ಪಕ್ಕದ ಕೇರಿಯ ಮಸುಯೊಳಿಗೂ ಒಮ್ಮೆ ಸೀಟಿ ಊದಿದ್ದರು. ಅವಳು ಆಗಲೇ ಮೊಮ್ಮಕ್ಕಳನ್ನು ಕಂಡಿದ್ದ ಹೆಂಗಸು. ಇಡೀ ಶಾಲೆಯ ಮಕ್ಕಳ ಮುಂದೆ ಅವಳನ್ನು ಹಿಂದಕ್ಕೆ ಕಳಿಸಿ, ಕೈ ಎತ್ತಿಸಿ, ಮತ್ತೆ ದಾಟಿಸಿದರು. ಮಕ್ಕಳು ಕಿಸಕ್ಕೆಂದು ನಕ್ಕರು. ಅವಳು ಮಾತಾಡದೆ ಕೈ ಎತ್ತಿ ದಾಟಿಕೊಂಡು ಹೋದಳು. ಗಿಂಪೇಯಿಯವರು ಅದನ್ನು ಆ ಸಂಜೆಗೇ ಮರೆತರು. ಅವಳು ಮರೆಯಲಿಲ್ಲ.

ಅಂಥವರ ಬಿಳಿ ಪುಟಾಣಿ ಲಾರಿ ಒಂದು ದಿನ ಹಿಮ್ಮುಖವಾಗಿ ಹೋಗಿ ಸಹಕಾರಿ ಅಂಗಡಿ ಮುಂದಿದ್ದ, ಕಾಸು ಹಾಕಿದರೆ ತಂಪು ಪಾನೀಯದ ಡಬ್ಬಿ ಕೊಡುವ ಪೆಟ್ಟಿಗೆಯನ್ನು ಉರುಳಿಸಿತು. ಡಬ್ಬಿಗಳು ಉರುಳುತ್ತಾ ಬಂದರಿನ ತನಕ ಹೋದವು. "ಪೆಟ್ಟಿಗೇನ ಇಡಬಾರದ ಜಾಗದಲ್ಲಿ ಇಟ್ಟಿದಾರೆ" ಎಂದರು ಗಿಂಪೇಯಿಯವರು. ಅದು ಆ ಜಾಗದಲ್ಲಿ ನಿಂತು ಇಪ್ಪತ್ತು ವರ್ಷವಾಗಿತ್ತು. ಆಮೇಲೆ ಅವರು ಸ್ವಂತ ಇಚ್ಛೆಯಿಂದ ಲೈಸೆನ್ಸ್ ವಾಪಸ್ ಕೊಟ್ಟರು. ಸ್ವಂತ ಇಚ್ಛೆ ಮೂಡುವವರೆಗೆ ಪೊಲೀಸರು, ಅಂಗಡಿಯವರು, ಕೇರಿಯ ಹಿರಿಯರು ಸರದಿಯ ಮೇಲೆ ಅವರ ಮನೆ ಜಗಲಿಯಲ್ಲಿ ಕೂತು ಚಹಾ ಕುಡಿದರು.

ಲಾರಿ ಹೋದ ಮೇಲೆ ಈ ಗಾಡಿ ಬಂತು, ಮುದುಕರ ಆರೈಕೆ ವಿಮೆಯ ಕಡೆಯಿಂದ, ಬಾಡಿಗೆಗೆ. ತಂದಿಳಿಸಿದವನು ಪಾಪ ಒಂದೊಂದಾಗಿ ಹೇಳಿಕೊಟ್ಟ. ಹಿಡಿಯನ್ನು ಮೆತ್ತಗೆ ಒತ್ತಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗಾಬರಿಯಲ್ಲಿ ಬಲವಾಗಿ ಹಿಸುಕಿದರೂ ನಿಲ್ಲುತ್ತದೆ, ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಹೊರಗೆ ಹೋಗಿ ಬಂದ ದಿನವೆಲ್ಲ ಸಂಜೆ ಚಾರ್ಜಿಗೆ ಹಾಕಬೇಕು. ಪೈಪಿನಲ್ಲಿ ನೀರು ಹೊಡೆಯಬಾರದು. ರಸ್ತೆಯ ಬಲಕ್ಕೇ ಹೋಗಬೇಕು. ರೈಲು ಹಳಿಯನ್ನು ಒಬ್ಬರೇ ದಾಟಬಾರದು, ದಾಟಲೇಬೇಕಾದರೆ ಅಂಚು ಬಿಟ್ಟು, ನೇರವಾಗಿ ದಾಟಬೇಕು. ಗಿಂಪೇಯಿಯವರು ಎಲ್ಲಕ್ಕೂ "ಹೂಂ, ಹೂಂ" ಎಂದರು. ಅವನು ಮುಗಿಸುವ ಮೊದಲೇ, ಅವನು ತನ್ನ ವ್ಯಾನನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದು ಎಷ್ಟು ತಪ್ಪು ಎಂದು ಅವನಿಗೇ ಪಾಠ ಶುರು ಮಾಡಿದರು.

ಚಾರ್ಜಿನ ವಿಷಯದಲ್ಲಿ ಅವರದು ಲಾರಿಯ ನ್ಯಾಯ. ಮುಳ್ಳು ಪೂರ್ತಿ ಕೆಳಗಿಳಿಯುವ ತನಕ ಪೆಟ್ರೋಲ್ ಹಾಕಿಸುವವರಲ್ಲ ಅವರು. ಹಾಗಾಗಿ ಬ್ಯಾಟರಿ ಮಟ್ಟ ತೋರಿಸುವ ಕೊನೆಯ ಗೆರೆ ಮಿಣುಕುವ ತನಕ ಚಾರ್ಜಿನ ತಂತಿ ಮುಟ್ಟುತ್ತಿರಲಿಲ್ಲ. ಭಾನುವಾರ ಬಂದರೆ ಗಿಡಕ್ಕೆ ನೀರು ಹಾಯಿಸುವ ಪೈಪಿನಲ್ಲಿ ಗಾಡಿಗೆ ಅಭ್ಯಂಜನ. ಸೀಟಿನ ಕೆಳಗಿನ ತಂತಿಗಳ ಬುಡದಲ್ಲಿ ಹಸಿರು ತುಕ್ಕು ಹಿಡಿಯಿತು. ಗಾಡಿ ಬರಬರುತ್ತಾ ಏದುಸಿರು ಬಿಡತೊಡಗಿತು. "ಈಗಿನ ಕಾಲದ ಮಾಲು" ಎಂದು ಅವರು ಅದನ್ನೇ ಬೈದರು.

ರಸ್ತೆಯಲ್ಲಿ ಅವರು ಹೋಗುತ್ತಿದ್ದದ್ದು ಎಡಕ್ಕೆ, ಕಾರು ಲಾರಿಗಳ ಜೊತೆ. ತಿರುವಿಗೆ ಮುಂಚೆ ಕೈ ಚಾಚಿ ಸನ್ನೆ ಕೊಡುತ್ತಿದ್ದರು. ಸಹಕಾರಿ ಅಂಗಡಿಗೆ ಹೋದರೆ ಕಾರು ನಿಲ್ಲಿಸುವ ಚೌಕದ ನಟ್ಟನಡುವೆ, ಎರಡೂ ಕಡೆ ಅಳತೆ ನೋಡಿ ನಿಲ್ಲಿಸುತ್ತಿದ್ದರು. ಹಿಂದೆ ಸಾಲುಗಟ್ಟಿದ ವಾಹನಗಳು ಆಮೆ ಮೆರವಣಿಗೆಯಲ್ಲಿ ಬಂದರಿನ ತನಕ ಬರುತ್ತಿದ್ದವು. ಕೊನೆಗೆ ಠಾಣೆಗೆ ಹೊಸದಾಗಿ ಬಂದಿದ್ದ ಪೊಲೀಸ್ ಹುಡುಗ ಒಂದು ದಿನ ಅವರನ್ನು ತಡೆದ.

"ಅಜ್ಜಾ, ಈ ಕಡೆ ಅಲ್ಲ. ಬಲಗಡೆ ಬನ್ನಿ. ನೀವು ಪಾದಚಾರಿ."

"ಯಾರು?"

"ನೀವು."

"ಕಣ್ ಕಾಣ್ಸುತ್ತೇನಪ್ಪಾ ನಿನಗೆ? ನಾನೇನು ನಡೀತಾ ಇದೀನಾ?"

"ಕಾನೂನು ಪ್ರಕಾರ ನಡೀತಾ ಇದೀರಿ, ಅಜ್ಜಾ. ಈ ಗಾಡೀಲಿ ಕೂತವರು ಪಾದಚಾರಿಗಳೇ."

"ಆ ಕಾನೂನನ್ನ ಈ ಊರಿಗೆ ಹೇಳ್ಕೊಟ್ಟವನೇ ನಾನು! ನೀನು ಆಗ ಹುಟ್ಟಿರ್ಲಿಲ್ಲ!"

ಹುಡುಗ ಬಗ್ಗಿ ನಮಸ್ಕರಿಸಿ, ಮತ್ತೆ ಬಲಗಡೆಗೆ ಕೈ ತೋರಿಸಿದ. ಅವರು ಬಲಕ್ಕೆ ಹೋದರು, ತಿರುವಿನಲ್ಲಿ ಅವನು ಮರೆಯಾಗುವ ತನಕ. ಕಾನೂನು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಮೂಲಂಗಿ ಅಜ್ಜಿಯರಿಗಾಗಿ ಮಾಡಿದ್ದು ಎಂಬುದು ಅವರ ತಿಳಿವಳಿಕೆ. ಅದನ್ನು ಅವರು ತಮಗೆ ಅನ್ವಯಿಸಿಕೊಂಡದ್ದು ಒಂದೇ ಸಂದರ್ಭದಲ್ಲಿ. ಹೊಸವರ್ಷದ ಕೇರಿ ಊಟದಲ್ಲಿ ಸಾಕೆ ಎಂಬ ಅಕ್ಕಿ ಮದ್ಯ ಸುರಿಯುವವರು "ನೀವು ಗಾಡಿ ಓಡಿಸ್ಬೇಕಲ್ಲ" ಎಂದು ಹೂಜಿಯನ್ನು ಮುಂದಿನವರತ್ತ ದಾಟಿಸಿದಾಗ, ಬಟ್ಟಲು ಮುಂದೆ ಮಾಡಿ, "ಕಾನೂನು ಪ್ರಕಾರ ನಾನು ಪಾದಚಾರಿ. ಸುರಿ" ಎಂದಿದ್ದರು.

ಇಷ್ಟೆಲ್ಲ ಮೆರೆಯುತ್ತಿದ್ದ ಮನುಷ್ಯ ದಿನವೂ ಹೋಗುತ್ತಿದ್ದದ್ದು ಮಾತ್ರ ಒಂದೇ ಕಡೆಗೆ. ಹಳಿಯ ಆಚೆ, ಸಮುದ್ರದ ಕಡೆಗೆ, ಹಿರಿಯರ ಆರೈಕೆ ಮನೆ ಇದೆ. ಅಲ್ಲಿ ಅವರ ಹೆಂಡತಿ ಫುಮಿಯೆ ಇದ್ದಳು. ಮಕ್ಕಳಿಲ್ಲದ ಜೋಡಿ. ಅವಳಿಗೆ ನೆನಪು ಅಲ್ಲಲ್ಲಿ ಹರಿದುಹೋಗಿತ್ತು. ಒಲೆಯ ಮೇಲೆ ಪಾತ್ರೆ ಇಟ್ಟು ಮರೆತು ಎರಡು ಸಲ ಅಡುಗೆಮನೆ ಕಪ್ಪಾದ ಮೇಲೆ ಅವಳನ್ನು ಅಲ್ಲಿ ಸೇರಿಸಿದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಗಿಂಪೇಯಿಯವರು ಹೋಗಿ ಅವಳಿಗೆ ತಿನ್ನಿಸಿ ಬರುತ್ತಿದ್ದರು. "ನನ್ನ ಕೈಯಿಂದಲ್ಲದೆ ಇನ್ಯಾರ ಕೈಯಿಂದಲೂ ತುತ್ತು ತಗೊಳ್ಳಲ್ಲ ಅವಳು" ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು.

ಫುಮಿಯೆ ಅವರನ್ನು ಕಂಡಾಗ ದಿನಾ ಕೇಳುತ್ತಿದ್ದದ್ದು ಒಂದೇ ಮಾತು. "ನಡ್ಕೊಂಡ್ ಬಂದ್ರಾ?"

"ನಡ್ಕೊಂಡು ಯಾಕೆ ಬರ್ಲಿ? ಗಾಡಿ ಓಡಿಸ್ಕೊಂಡು ಬಂದೆ. ಹೊರಗೆ ನಿಲ್ಸಿದೀನಿ ನೋಡು" ಎಂದು ಅವರು ಕಿಟಕಿಯತ್ತ ಗದ್ದ ಎತ್ತುತ್ತಿದ್ದರು. ಅವಳು ಕಿಟಕಿಯತ್ತ ನೋಡದೆ ಬಾಯಿ ತೆರೆಯುತ್ತಿದ್ದಳು.

ಅದು ಅವಳ ಹಳೆಯ ಪ್ರಶ್ನೆ. ಹೊಸದಾಗಿ ಮದುವೆಯಾಗಿ ಬಂದಾಗಿಂದ, ಸಮುದ್ರದ ಕಟ್ಟೆಯ ಮೇಲೆ ಒಂದು ಸಂಜೆ ಇಬ್ಬರೂ ನಡೆದು ಬರೋಣ ಎಂದು ಅವಳು ಕೇಳುತ್ತಲೇ ಇದ್ದಳು. "ಲಾರಿ ಇರೋವಾಗ ನಡೆಯೋದ್ಯಾಕೆ?" ಎಂದು ಅವರು ಅನ್ನುತ್ತಲೇ ಇದ್ದರು. ಎಲ್ಲಾದರೂ ನಡೆಯಲೇಬೇಕಾಗಿ ಬಂದರೆ ಅವರು ಮುಂದೆ, ಅವಳು ಹಿಂದೆ. ಅವಳಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ.

ಚಳಿಗಾಲದ ಒಂದು ದಿನ, ಕಿತ್ತಳೆಯ ಕೊನೆಯ ಕೊಯ್ಲಿನ ಸಮಯ. ಚಳಿಗೆ ಬ್ಯಾಟರಿ ಮೊದಲೇ ಸೊರಗಿತ್ತು, ಅಂದು ಬೆಳಿಗ್ಗೆ ಎಂಜಿನ್ ಬಿಸಿ ಮಾಡುವುದೂ ಸ್ವಲ್ಪ ಹೆಚ್ಚೇ ನಡೆದಿತ್ತು. ರೈಲ್ವೆ ಗೇಟಿನ ಹತ್ತಿರ ಬಂದಾಗ ಕೊನೆಯ ಗೆರೆ ಮಿಣುಕುತ್ತಿತ್ತು. ಗಿಂಪೇಯಿಯವರು ರಸ್ತೆಯ ಬಿಳಿ ಗೆರೆಯ ಹಿಂದೆ ನಿಲ್ಲಿಸಿದರು, ಕಾರಿನವರು ನಿಲ್ಲಿಸಬೇಕಾದ ಹಾಗೆ. ಬೆರಳು ಚಾಚಿ "ಬಲಗಡೆ ಸರಿ!" ಎಂದು ಕೂಗಿದರು. "ಎಡಗಡೆ ಸರಿ!" ಎಂದರು. ಹಿಂದೆ ಒಂದು ಮೀನಿನ ಲಾರಿ ಬಂದು ನಿಂತಿತು. ಗಿಂಪೇಯಿಯವರು ಕನ್ನಡಿಯಲ್ಲಿ ಅದನ್ನು ನೋಡಿ, ಒಬ್ಬ ಚಾಲಕ ಇನ್ನೊಬ್ಬ ಚಾಲಕನಿಗೆ ತೋರಿಸುವ ಸೌಜನ್ಯದಿಂದ ಕೈ ಬೀಸಿ, ಲಾರಿ ಮುಂದೆ ಹೋಗಲೆಂದು ತೀರ ಎಡದ ಅಂಚಿಗೆ ಸರಿದು ಹಳಿ ಏರಿದರು. ಲಾರಿ ದಾಟಿ ಹೋಯಿತು. ಹಳಿ ದಾಟಲು ಹಾಸಿದ ಹಲಗೆ ಮುಗಿಯುವ ಆ ಅಂಚಿನಲ್ಲಿ ಗಾಡಿಯ ಮುಂದಿನ ಚಕ್ರ ಹಳಿಯ ಪಕ್ಕದ ಸಂದಿಗೆ ಕಚಕ್ಕೆಂದು ಇಳಿಯಿತು.

ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಕೆಂಪು ದೀಪಗಳು ಒಂದಾದ ಮೇಲೊಂದು ಮಿನುಗಿದವು. ಅಡ್ಡಗಂಬ ಇಳಿಯಿತು.

ಗಿಂಪೇಯಿಯವರು ಹಿಡಿಯನ್ನು ಬಲವಾಗಿ ಹಿಸುಕಿದರು. ಗಾಡಿ ಅಲ್ಲಾಡಲಿಲ್ಲ. ಇನ್ನೂ ಬಲವಾಗಿ ಹಿಸುಕಿದರು. ಹೆದರಿದ ಕೈ ಹಿಸುಕಿದರೆ ನಿಲ್ಲಲಿ ಎಂದೇ ಮಾಡಿದ ಗಾಡಿ, ಹೇಳಿದಂತೆ ಕೇಳಿ ನಿಂತೇ ಇತ್ತು. ಎದ್ದು ಹೋಗಬಹುದಿತ್ತು. ಆದರೆ ವಾಹನವನ್ನು ಬಿಟ್ಟು ಚಾಲಕ ಓಡಿಹೋಗುವುದು ಎಲ್ಲಿಯಾದರೂ ಉಂಟೇ?

ತಳ್ಳುಗಾಡಿ ನೂಕಿಕೊಂಡು ಹಿಂದೆಯೇ ಬರುತ್ತಿದ್ದವಳು ಮಸುಯೊ. ಆರೈಕೆ ಮನೆಯಲ್ಲಿರುವ ತನ್ನ ಅಕ್ಕನಿಗೆ ದಿನದಂತೆ ಕಿತ್ತಳೆ ಕೊಡಲು ಹೊರಟಿದ್ದಳು. ಬಾಗಿದ ಬೆನ್ನಿನ ಮುದುಕಿ. ಗಾಡಿ ಬಿಟ್ಟು ಗೇಟಿನ ಕಂಬದ ಮೇಲಿದ್ದ ಕೆಂಪು ಗುಂಡಿಯ ಮೇಲೆ ಅಂಗೈ ಊರಿ ನಿಂತುಬಿಟ್ಟಳು. ತುರ್ತು ದೀಪ ಹೊತ್ತಿತು. ಸುರಂಗದ ಬಾಯಿಂದ ಒಂದೇ ಡಬ್ಬಿಯ ರೈಲು ಕಿರ್ರೆಂದು ಕಿರುಚುತ್ತಾ ಬಂದು, ದೂರದಲ್ಲೇ ನಿಂತಿತು.

ಮಸುಯೊ ಅಡ್ಡಗಂಬದ ಕೆಳಗೆ ನುಸುಳಿ ಬಂದಳು. ಅವಳ ಬೆನ್ನಿಗೆ ಅದಕ್ಕಾಗಿ ಹೊಸದಾಗಿ ಬಗ್ಗಬೇಕಾದ ಅಗತ್ಯವೇ ಇರಲಿಲ್ಲ.

"ಗಿನ್-ಚಾನ್! ಕೈ ಬಿಡು!"

ಶಾಲೆಯಲ್ಲಿ ಅವರಿಗಿಂತ ಒಂದು ತರಗತಿ ಮುಂದಿದ್ದವಳು ಅವಳು. ಆ ಬಾಲ್ಯದ ಹೆಸರಿನಿಂದ ಅವರನ್ನು ಯಾರೂ ಕರೆದು ಎಷ್ಟೋ ಕಾಲವಾಗಿತ್ತು.

"ಒತ್ತುತಾ ಇದೀನಿ, ಹೋಗ್ತಿಲ್ಲ!"

"ಒತ್ತಿದ್ದಕ್ಕೇ ಹೋಗ್ತಿಲ್ಲ ಕಣೋ! ಬಿಡು ಅಂದ್ರೆ ಬಿಡು!"

ಅವಳೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಂಕುಳಿಗೆ ಕೈ ಕೊಟ್ಟು ಎಳೆದಳು. ಇಬ್ಬರೂ ಸೇರಿ ಹಳಿಯಾಚೆಯ ಹುಲ್ಲಿನ ಮೇಲೆ ಬಿದ್ದರು. ರೈಲಿನ ಚಾಲಕ ಇಳಿದು ಬಂದು, ಬಗ್ಗಿ ನಮಸ್ಕರಿಸಿ, ಗಾಡಿಯನ್ನು ಎತ್ತಿ ಹೊರಗಿಟ್ಟ. ಡಬ್ಬಿಯ ಕಿಟಕಿಗಳಲ್ಲಿ ಪಟ್ಟಣದ ಆಸ್ಪತ್ರೆಗೆ ಹೊರಟಿದ್ದ ಊರಿನ ಮುಖಗಳೇ ತುಂಬಿದ್ದವು. ಯಾರೂ ನಗಲಿಲ್ಲ. ಎಲ್ಲರೂ ಬಹಳ ಕನಿಕರದಿಂದ ನೋಡಿದರು. ಗಿಂಪೇಯಿಯವರಿಗೆ ರೈಲೇ ಹಾಯ್ದುಹೋಗಿದ್ದರೆ ವಾಸಿಯಿತ್ತು ಅನಿಸಿತು.

ಮರುದಿನ ಒಚಿ-ಸಾನ್ ಬಂದಳು. ಊರಿನ ಮುದುಕರ ಆರೈಕೆಯನ್ನು ನೋಡಿಕೊಳ್ಳುವ, ಯಾವಾಗಲೂ ಅವಸರದಲ್ಲಿರುವ, ಯಾವಾಗಲೂ ಮೆತ್ತಗೆ ಮಾತಾಡುವ ಹೆಂಗಸು. ಸೀಟು ಎತ್ತಿ ಹಸಿರು ತುಕ್ಕು ನೋಡಿದಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಚಾರ್ಜಿನ ತಂತಿ ನೋಡಿದಳು. ಆಮೇಲೆ ಜಗಲಿಯ ಮೇಲೆ ಮಂಡಿಯೂರಿ ಕೂತಳು.

"ಗಿಂಪೇಯಿ-ಸಾನ್, ತಪ್ಪು ತಿಳ್ಕೋಬೇಡಿ. ಗಾಡೀನ ವಾಪಸ್ ತಗೊಂಡು ಹೋಗ್ತೀವಿ."

"ತಗೊಂಡು ಹೋದ್ರೆ ಫುಮಿಯೆಗೆ ಊಟ ಯಾರು ಮಾಡಿಸ್ತಾರೆ? ನಾನಿಲ್ದೆ ಹೋದ್ರೆ ಉಪವಾಸ ಸಾಯ್ತಾಳೆ ಅವಳು. ಅದರ ಪಾಪ ನಿಮ್ಮ ತಲೆ ಮೇಲೆ ಹೊತ್ಕೋತೀರಾ?"

ಒಚಿ-ಸಾನ್ ಚಹಾದ ಬಟ್ಟಲನ್ನು ತಿರುಗಿಸತೊಡಗಿದಳು. ಸುಮ್ಮನಿರಲಾಗದವಳು ಮಸುಯೊ. ಗೇಟಿನ ಹತ್ತಿರ ಬಿದ್ದಿದ್ದ ಅವರ ಟೋಪಿಯನ್ನು ಕೊಡಲೆಂದು ಬಂದವಳು ಅಂಗಳದಲ್ಲೇ ನಿಂತಿದ್ದಳು.

"ಉಪವಾಸ ಏನಿಲ್ಲ" ಎಂದಳು. "ನೀವು ಬರೋಕ್ಮುಂಚೇನೇ ಎಲ್ಲರ ಜೊತೆ ಊಟ ಮುಗ್ಸಿರ್ತಾಳೆ. ತಾನೇ ಚಾಪ್‌ಸ್ಟಿಕ್ ಹಿಡ್ಕೊಂಡು. ನಮ್ಮಕ್ಕನ ಮೇಜಲ್ಲೇ ಕೂರೋದು ಅವಳು. ಆಮೇಲೆ ನೀವು ಬಂದು ಬಾಯಿಗಿಟ್ರೆ, ಪಾಪ ದೂರದಿಂದ ಬಂದಿದಾರೆ ಅಂತ ಇನ್ನೊಂದ್ಸಲ ತಿಂತಾಳೆ. ಎರಡೆರಡು ಊಟ ಮಾಡಿ ಎಷ್ಟು ದಪ್ಪ ಆಗಿದಾಳೆ, ನಿಮ್ಮ ಕಣ್ಣಿಗೆ ಕಾಣ್ಸಿಲ್ವಾ?"

ಗಿಂಪೇಯಿಯವರು ಒಚಿ-ಸಾನಳ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಅಲ್ಲಿಗೆ ಅದು ನಿಜವೆಂದು ಗೊತ್ತಾಯಿತು. ಇಷ್ಟು ದಿನ ಅವರು ಬದುಕಿಸಿಕೊಂಡು ಬಂದಿದ್ದ ಹೆಂಡತಿ ಅವರಿಲ್ಲದೆಯೇ ಚೆನ್ನಾಗಿ ಬದುಕಿದ್ದಳು. ಸಾಲದ್ದಕ್ಕೆ ಅವರ ಮನಸ್ಸು ನೋಯದಿರಲೆಂದು ದಿನಾ ಎರಡನೆಯ ಊಟ ನುಂಗುತ್ತಿದ್ದಳು. ಎಲ್ಲ ಮರೆತವಳು ಅದೊಂದನ್ನು ಮರೆತಿರಲಿಲ್ಲ.

ಅವರು, ಬಾವುಟ ಹಿಡಿದ ಕಾಲದಿಂದ ಈ ತನಕ ಯಾರೂ ಕೇಳಿರದ ದನಿಯಲ್ಲಿ, "ಅವಳಿಗೆ ಬೇಡದೇ ಇರಬಹುದು. ನನಗೆ ಹೋಗ್ಬೇಕು" ಎಂದರು.

ಒಚಿ-ಸಾನ್ ಕರಗಿದಳು, ಆದರೆ ಪೂರ್ತಿ ಕರಗಲಿಲ್ಲ. ಹೊಸ ಬ್ಯಾಟರಿ ಹಾಕಿಸುತ್ತೇನೆ, ದಿನಾ ಸಂಜೆ ಚಾರ್ಜಿಗೆ ಹಾಕಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ನೀರು ಹೊಡೆದರೆ ಆವತ್ತೇ ವಾಪಸ್. ರಸ್ತೆಯ ಬಲಕ್ಕೆ ಹೋಗಬೇಕು. ಸಾಕೆ ಮುಟ್ಟಿದ ದಿನ ಗಾಡಿ ಮುಟ್ಟಬಾರದು. ಮತ್ತೆ, ಹಳಿ ದಾಟುವಾಗ ನಡೆದು ಬರುವವರು ಒಬ್ಬರು ಜೊತೆಗಿರಲೇಬೇಕು. "ಆ ಹೊತ್ತಿಗೆ ದಿನಾ ಆ ಕಡೆ ಹೋಗೋರು ಯಾರಿದಾರೆ ಅಂತ ನೀವೇ ಹುಡುಕಿ ಹೇಳಿ" ಎಂದು ಎದ್ದು ಹೋದಳು. ಹುಡುಕಲು ಊರೆಲ್ಲ ಸುತ್ತಬೇಕಾಗಿರಲಿಲ್ಲ. ಮಸುಯೊ ಟೋಪಿಯನ್ನು ಜಗಲಿಯ ಮೇಲಿಟ್ಟು ಆಗಲೇ ಹೊರಟುಹೋಗಿದ್ದಳು.

ಗಿಂಪೇಯಿಯವರು ಮನೆಯಲ್ಲೇ ಕೂತರು. ಆ ಮುದುಕಿಯನ್ನು ಬೇಡಿಕೊಳ್ಳುವುದಕ್ಕಿಂತ ಕೈಕಾಲು ಕಟ್ಟಿಕೊಂಡು ಕೂರುವುದೇ ವಾಸಿ ಎಂದು ಕೂತರು. ಮಧ್ಯಾಹ್ನ ಬಂತು, ಹೋಯಿತು. ಮತ್ತೊಂದು ಬಂತು, ಹೋಯಿತು. ಬಾಗಿಲ ಬಳಿ ನಿಂತರೆ ಕೆಳಗೆ ಆರೈಕೆ ಮನೆಯ ನೀಲಿ ಚಾವಣಿ ಕಾಣುತ್ತಿತ್ತು. ಅಲ್ಲಿ ಈಗ ಫುಮಿಯೆ ಒಂದೇ ಊಟ ಮಾಡಿ ಹಗುರಾಗಿ ಕೂತಿರಬೇಕು. ತಾವು ಹೋಗದಿದ್ದದ್ದು ಅವಳಿಗೆ ಗೊತ್ತಾಗಿರುತ್ತದೋ ಇಲ್ಲವೋ ಎಂಬುದೇ ಅವರನ್ನು ಒಳಗೊಳಗೆ ಕೊರೆಯಿತು. ಗೊತ್ತಾಗದೆ ಹೋದರೆ? ಇನ್ನೊಂದು ವಾರ ಕಳೆದರೆ ಅವಳ ಹರಿದ ನೆನಪಿನಲ್ಲಿ ತಮ್ಮ ಜಾಗವೂ ಹರಿದುಹೋದರೆ? ನಿಯಮಗಳನ್ನೇ ಉಸಿರಾಡಿದ ಮನುಷ್ಯನಿಗೆ ಮೊದಲ ಬಾರಿ ಅಳು ಬಂತು. ಅಂಗಳಕ್ಕೆ ಹೋಗಿ ಗಾಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಅತ್ತರು.

ಕೊನೆಗೆ ಒಣಗಿಸಿದ ಪರ್ಸಿಮನ್ ಹಣ್ಣಿನ ಒಂದು ಸರ ಹಿಡಿದು, ಕೋಲೂರಿಕೊಂಡು ಮಸುಯೊಳ ಬಾಗಿಲಿಗೆ ಹೋದರು.

"ಓಹೋ, ಅಧ್ಯಕ್ಷರು!" ಎಂದಳು ಮಸುಯೊ. ಅವಳು ಕಿತ್ತಳೆಯನ್ನು ದೊಡ್ಡದು ಚಿಕ್ಕದು ಎಂದು ಬೇರೆ ಮಾಡುತ್ತಿದ್ದಳು. "ನಮ್ಮ ತಳ್ಳುಗಾಡಿ ಗೆರೆ ದಾಟಿತ್ತೇನು?"

"ಮಸುಯೊ-ಸಾನ್, ಆ ದಿನ ನೀವು..."

"ಆ ದಿನ ಅಂದ್ರೆ ಯಾವ ದಿನ? ಗೇಟಿನ ಹತ್ರದ್ದಾ, ಶಾಲೆ ಹತ್ರದ್ದಾ?"

ಗಿಂಪೇಯಿಯವರು ಹಣ್ಣಿನ ಸರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಶಾಲೆ ಹತ್ತಿರದ್ದು ಅವರಿಗೆ ನೆನಪೇ ಇರಲಿಲ್ಲ. ಅವಳು ಅದನ್ನು ಒಂದೂ ಬಿಡದೆ ಹೇಳಿದಳು. ಸೀಟಿ ಎಷ್ಟು ಜೋರಾಗಿತ್ತು, ಮಕ್ಕಳು ಹೇಗೆ ನಕ್ಕರು, ತನ್ನ ಮೊಮ್ಮಗಳೇ ಆ ಸಾಲಿನಲ್ಲಿ ನಿಂತು ಹೇಗೆ ಬೇರೆ ಕಡೆ ಮುಖ ತಿರುಗಿಸಿದಳು.

"ನಿಯಮ ಅಂದ್ರೆ ನಿಯಮ ಅಂದ್ರಿ ಆವತ್ತು. ನಾನು ಎದುರು ಮಾತಾಡಿದ್ನಾ? ಕೈ ಎತ್ತಿದೆ. ಈಗ್ಲೂ ನಿಯಮ ಅಂದ್ರೆ ನಿಯಮ. ನಾಳೆ ಬನ್ನಿ. ನಾನು ಮುಂದೆ, ನೀವು ಹಿಂದೆ. ನನ್ನ ನಡಿಗೆ ನಿಧಾನ. ಹಾರ್ನ್ ಹೊಡೆದ್ರೆ ಅಲ್ಲೇ ಬಿಟ್ಟು ಹೋಗ್ತೀನಿ."

"ಆಗ್ಲಿ."

"ಮತ್ತೆ, ಕೈ ಎತ್ತಬೇಕು."

"ನಾನು?"

"ಯಾಕೆ, ಪಾದಚಾರಿ ಅಲ್ವಾ ನೀವು? ಹೊಸವರ್ಷದ ದಿನ ಕೇರಿಗೆಲ್ಲಾ ಸಾರಿ ಹೇಳಿದ್ರಲ್ಲ!"

ಮರುದಿನ ಶಾಲೆಗೆ ಚಳಿಗಾಲದ ರಜೆಯಾಗಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ಗೇಟಿನ ಹತ್ತಿರ, ಆಟದ ಪಾಠಕ್ಕೆಂದು ಕಟ್ಟೆಯ ಕಡೆ ಹೊರಟಿದ್ದ ಮಕ್ಕಳ ಸಾಲು ನಿಂತಿತ್ತು. ಗಿಂಪೇಯಿಯವರು ರಸ್ತೆಯ ಬಲ ಅಂಚಿನಲ್ಲಿ ಬಂದರು. ಆ ಕಡೆಯಿಂದ ಊರು ಅವರಿಗೆ ಪರಿಚಯವೇ ಇಲ್ಲದಂತೆ ಕಂಡಿತು. ಮುಂದೆ ಮಸುಯೊ ತಳ್ಳುಗಾಡಿಯ ಮೇಲೆ ಬಾಗಿ, ಕಾಲೆಳೆದುಕೊಂಡು ಹೋಗುತ್ತಿದ್ದಳು. ಅವಳ ನಡಿಗೆಗೆ ಹೊಂದಿಸಲು ಅವರು ಗಾಡಿಯ ವೇಗದ ತಿರುಗಣೆಯನ್ನು ಆಮೆಯ ಚಿತ್ರದ ತನಕ ಇಳಿಸಬೇಕಾಯಿತು. ಗೇಟಿಗೆ ಬಂದವಳೇ ಅವಳು ತಳ್ಳುಗಾಡಿಯ ಚೀಲದೊಳಗೆ ಕೈ ಹಾಕಿ ಒಂದು ಹಳದಿ ಬಾವುಟ ತೆಗೆದಳು. ಎಲ್ಲಿ ಸಂಪಾದಿಸಿದ್ದಳೋ! ಅವರ ಸಂಘದ್ದೇ ಅದು, ಬಣ್ಣ ಮಾಸಿ ಹೋಗಿತ್ತು.

ಬಾವುಟವನ್ನು ಅಡ್ಡ ಹಿಡಿದು, ಎರಡೂ ಕಡೆ ನೋಡಿ, ಅವರತ್ತ ತಿರುಗಿದಳು.

ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಗಿಂಪೇಯಿಯವರು ಒಂದು ಕೈಯಲ್ಲಿ ಹಿಡಿಯನ್ನು ಮೆತ್ತಗೆ ಒತ್ತಿ, ಇನ್ನೊಂದು ಕೈಯನ್ನು ಮೇಲೆತ್ತಿದರು. ಮೊಣಕೈ ಮಡಚದೆ, ಬೆರಳು ಜೋಡಿಸಿ, ಕಿವಿಗೆ ತಾಗುವಂತೆ. ಊರಿನ ಎಷ್ಟೋ ಮಕ್ಕಳಿಗೆ ಅವರೇ ಹಾಗೆ ಕಲಿಸಿದ್ದರು. ಗಾಡಿ ಹಲಗೆಯ ಮಧ್ಯದಲ್ಲಿ, ನೇರವಾಗಿ, ಎರಡು ಸಣ್ಣ ಕುಲುಕು ಕೊಟ್ಟು ಹಳಿ ದಾಟಿತು. ಮಕ್ಕಳಲ್ಲಿ ಒಬ್ಬಳು ಕಿಸಕ್ಕೆಂದಳು.

"ಏಯ್, ನಗಬಾರದು" ಎಂದಳು ಮಸುಯೊ. "ಅಜ್ಜ ಸರಿಯಾಗೇ ದಾಟ್ತಾ ಇದಾರೆ."

ಇದು ನಗುವಿಗಿಂತ ಹೆಚ್ಚು ಚುಚ್ಚಿತು. ಹಳಿ ದಾಟಿ ಎಷ್ಟೋ ದೂರ ಹೋದ ಮೇಲೂ ಕೈ ಎತ್ತಿಯೇ ಇತ್ತು. "ಸಾಕು, ಇಳಿಸ್ರಿ, ನೋಯುತ್ತೆ" ಎಂದು ಮಸುಯೊ ಹೇಳಿದ ಮೇಲೆ ಇಳಿಸಿದರು.

ಆರೈಕೆ ಮನೆಯಲ್ಲಿ ಫುಮಿಯೆ ಕಿಟಕಿಯ ಹತ್ತಿರ ತನ್ನ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಮುಂದಿನ ಮೇಜಿನ ಮೇಲೆ ಒಂದು ಬಟ್ಟಲು ಗಂಜಿ, ಬೇಯಿಸಿದ ಸಿಹಿಗುಂಬಳ. ಎಲ್ಲರದ್ದೂ ಊಟ ಮುಗಿದು ತಟ್ಟೆ ಎತ್ತಿಯಾಗಿತ್ತು. ಅವಳ ಮುಂದೆ ಮಾತ್ರ ಮುಟ್ಟದ ಒಂದು ಬಟ್ಟಲು ತಣ್ಣಗಾಗಿ ಕೂತಿತ್ತು. ಅವರು ಬರದ ದಿನಗಳಲ್ಲೂ ಅವಳು ಅದನ್ನು ಎತ್ತಲು ಬಿಟ್ಟಿರಲಿಲ್ಲವಂತೆ. ಹಾಗೆಂದು ಅಲ್ಲಿ ಕೆಲಸ ಮಾಡುವ ಹುಡುಗಿ ಹೇಳಿದಳು. ಯಾರಿಗೆ ಎಂದು ಕೇಳಿದರೆ ಫುಮಿಯೆಗೆ ಹೆಸರು ಹೊಳೆಯುತ್ತಿರಲಿಲ್ಲವಂತೆ.

ಗಿಂಪೇಯಿಯವರು ಕೋಲೂರಿ ಬಂದು ಅವಳ ಪಕ್ಕದಲ್ಲಿ ಕೂತರು. ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನಡ್ಕೊಂಡ್ ಬಂದ್ರಾ?"

ಅವರ ಗದ್ದ ಅಭ್ಯಾಸಬಲದಿಂದ ಕಿಟಕಿಯತ್ತ ಎದ್ದಿತು. ಹೊರಗೆ ಗಾಡಿ ನಿಂತಿತ್ತು. ಅದರ ಪಕ್ಕದಲ್ಲೇ ಮಸುಯೊಳ ತಳ್ಳುಗಾಡಿಯೂ ನಿಂತಿತ್ತು. ಗದ್ದ ಕೆಳಗಿಳಿಯಿತು.

"ಹೂಂ ಕಣೇ" ಎಂದರು. "ನಡ್ಕೊಂಡೇ ಬಂದೆ."

ಫುಮಿಯೆಯ ಮುಖ ನಿಧಾನವಾಗಿ ಅರಳಿತು. ಎಷ್ಟೋ ವರ್ಷ ಕಾದು ಕೂತಿದ್ದ ಉತ್ತರ ಕಡೆಗೂ ಸಿಕ್ಕಿತ್ತು. ಅವಳು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಚಮಚದಲ್ಲಿ ಗಂಜಿ ತುಂಬಿ, ಮೇಲೊಂದು ಚೂರು ಸಿಹಿಗುಂಬಳ ಇಟ್ಟು, ಅವರ ಬಾಯಿಯ ಹತ್ತಿರ ಹಿಡಿದಳು.

"ಹಾಗಾದ್ರೆ ಹಸಿವಾಗಿರುತ್ತೆ" ಎಂದಳು. "ತಿನ್ನಿ. ಸಂಜೆ ಕಟ್ಟೆ ಮೇಲೆ ಹೋಗೋಣ."

ಗಿಂಪೇಯಿಯವರು ಬಾಯಿ ತೆರೆದರು.